ಪುಡಿಯಿಲ್ಲದ ಲೇಟೆಕ್ಸ್ ಗ್ಲೌಸ್: ಪಾಲಿಮರ್ ಲೇಪವೋ, ಕ್ಲೋರಿನ್ ತೊಳೆತವೋ?

ಲೇಟೆಕ್ಸ್, ಅಂದರೆ ರಬ್ಬರ್ ಮರದ ಹಾಲಿನಿಂದಾದ ಪದರ, ತನಗೆ ತಾನೇ ಅಂಟಿಕೊಳ್ಳುವುದು ಅದರ ಗುಣ. ಕೋಣೆಯ ಉಷ್ಣತೆಯಲ್ಲೂ ಮೇಲ್ಮೈಯ ರಬ್ಬರಿನ ಉದ್ದನೆಯ ಅಣು ಸರಪಳಿಗಳು ಸಡಿಲವಾಗಿದ್ದು, ಎರಡು ಪದರ ಒತ್ತಿದರೆ ಬೆಸೆದುಕೊಳ್ಳುತ್ತವೆ. ಹಿಂದೆ ಇದನ್ನು ತಡೆಯಲು ಮೆಕ್ಕೆಜೋಳದ ಪಿಷ್ಟದ ಪುಡಿ ಉದುರಿಸುತ್ತಿದ್ದರು. ಆ ಪುಡಿ ಅಲರ್ಜಿ ತರುವ ಲೇಟೆಕ್ಸ್ ಪ್ರೋಟೀನನ್ನು ಗಾಳಿಗೆ ಒಯ್ಯುತ್ತದೆ. ಅಮೆರಿಕ 2017ರಲ್ಲಿ ಪುಡಿ ಹಾಕಿದ ವೈದ್ಯಕೀಯ ಗ್ಲೌಸನ್ನೇ ನಿಷೇಧಿಸಿತು.

ಪುಡಿಯ ಬದಲು ಅಂಟು ತಪ್ಪಿಸಲು ಕ್ಲೋರಿನ್ ನೀರಲ್ಲಿ ತೊಳೆದದ್ದು ಅಗ್ಗ, ನುಣುಪು. ಆದರೆ ಕ್ಲೋರಿನ್ ಹೆಚ್ಚಾದರೆ ಬಣ್ಣ ಹಳದಿಗೆ ತಿರುಗಿ ರಬ್ಬರ್ ಬಲ ಕಳೆದುಕೊಳ್ಳುತ್ತದೆ, ಬೇಗ ಸೀಳುತ್ತದೆ.

ಒಳಗೆ ಪಾಲಿಮರ್ ಲೇಪ, ಅಂದರೆ ಪಾಲಿಯುರೆಥೇನ್ ಅಥವಾ ಅಕ್ರಿಲಿಕ್‌ನಂಥ ಪ್ಲಾಸ್ಟಿಕ್ ಬಗೆಯ ವಸ್ತುವಿನ ತೆಳು ಪದರವಿರುವುದೇ ನಮ್ಮ ಆಯ್ಕೆ. ಕೈ ತೇವವಿದ್ದರೂ ಎಳೆದಾಡದೆ ಒಳಗೆ ಜಾರುತ್ತದೆ. ಗಂಟೆಗೆ ಹಲವು ಸಲ ಬದಲಿಸುವವರಿಗೆ ಇದು ದೊಡ್ಡ ನೆಮ್ಮದಿ. ಲೇಪ ಮಾತ್ರ ರಬ್ಬರಿನಷ್ಟೇ ಹಿಗ್ಗಬೇಕು. ಕೊಳ್ಳುವ ಮೊದಲು ಒಂದನ್ನು ಒಳಭಾಗ ಹೊರಬರುವಂತೆ ತಿರುಗಿಸಿ, ಬೆರಳಿನ ಭಾಗವನ್ನು ಮೂರು ಪಟ್ಟು ಎಳೆದು ಕಪ್ಪು ಬಟ್ಟೆಯ ಮೇಲೆ ಉಜ್ಜಿ. ಬಿಳಿ ಹೊಟ್ಟು ಉದುರಿದರೆ ಲೇಪ ಗಡುಸಾಗಿದೆ, ಇಲ್ಲವೇ ಸರಿಯಾಗಿ ಹಿಡಿದಿಲ್ಲ. ಪೆಟ್ಟಿಗೆಯಲ್ಲೇ ಜೊತೆಜೊತೆಯಾಗಿ ಅಂಟಿದ್ದರೆ ಲೇಪ ಪೂರ್ತಿ ಒಣಗಿಲ್ಲ ಎಂದೇ ಅನುಮಾನಿಸಿ.

ಎಣ್ಣೆಯಂಶದ ಕ್ರೀಮ್ ಹಚ್ಚಿ ತೊಡಬೇಡಿ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಲೇಟೆಕ್ಸ್ ಪ್ರೋಟೀನ್ ಅಲರ್ಜಿ ಇರುವವರಿಗೆ ಯಾವ ಲೇಪವೂ ರಕ್ಷಣೆಯಲ್ಲ, ಅವರು ನೈಟ್ರೈಲ್ ಎಂಬ ಕೃತಕ ರಬ್ಬರಿನ ಗ್ಲೌಸ್ ಕೊಳ್ಳಲಿ.