ಲಿಸ್ಬನ್, ಮಕಾವ್, ಹಾಂಗ್‌ಕಾಂಗ್: ಎಗ್ ಟಾರ್ಟ್ ಎಲ್ಲಿಯದು ಚೆನ್ನಾಗಿದೆ?

ಕಸ್ಟರ್ಡ್ ಅಂದ್ರೆ ನನಗೆ ಮೊದಲು ನೆನಪಾಗುವುದು ಮದುವೆ ಊಟದ ಕೊನೆಗೆ ಕಪ್ಪಿನಲ್ಲಿ ಕೊಡುವ ಹಳದಿ ಫ್ರೂಟ್ ಸಲಾಡ್. ಅದರಲ್ಲಿ ಮೊಟ್ಟೆಯೇ ಇರುವುದಿಲ್ಲ, ಬರೀ ಕಾರ್ನ್‌ಫ್ಲೋರ್, ಬಣ್ಣ, ವೆನಿಲಾ. 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್‌ಫ್ರೆಡ್ ಬರ್ಡ್ ಅನ್ನುವವರು ಹೆಂಡತಿಗೆ ಮೊಟ್ಟೆ ಒಗ್ಗುವುದಿಲ್ಲ ಅಂತ ಈ ಪುಡಿ ಮಾಡಿದರಂತೆ. ತಮಾಷೆ ಏನಂದ್ರೆ ಅದೇ ವರ್ಷ ಲಿಸ್ಬನ್‌ನ ಬೆಲೆಂನಲ್ಲಿ, ಮೊಟ್ಟೆಯ ಹಳದಿಯನ್ನೇ ನಂಬಿಕೊಂಡ ಒಂದು ಅಂಗಡಿ ಶುರುವಾಯಿತು.

ತಿಂಡಿಯ ಹೆಸರು ಪಶ್ತೆಲ್ ದ ನಾತಾ, ಪದರ ಪದರದ ಪುಟ್ಟ ಬಟ್ಟಲಿಗೆ ಮೊಟ್ಟೆಯ ಕಸ್ಟರ್ಡ್ ತುಂಬಿ ಬೇಯಿಸುವ ಪೋರ್ಚುಗೀಸರ ಎಗ್ ಟಾರ್ಟ್. ಮೂಗು ಮುಚ್ಚಿಕೊಳ್ಳಬೇಡಿ, ಪೋರ್ಚುಗೀಸಿನಲ್ಲಿ ನಾತಾ ಅಂದ್ರೆ ಕೆನೆ.

ಕಥೆ ಹೀಗೆ. ಬೆಲೆಂನ ಜೆರೊನಿಮೊಸ್ ಮಠದಲ್ಲಿ, ಆಗಿನ ಬೇರೆ ಮಠಗಳ ಹಾಗೆಯೇ, ಮೊಟ್ಟೆಯ ಬಿಳಿಯನ್ನು ಬಟ್ಟೆಗೆ ಗಂಜಿ ಹಾಕಲು ಬಳಸುತ್ತಿದ್ದರಂತೆ. ಹಳದಿ ರಾಶಿ ಉಳಿಯುತ್ತಿತ್ತು, ಸಕ್ಕರೆ ಸೇರಿಸಿ ಸಿಹಿ ಮಾಡಿದರು. (ನಾವು ದಿನಾ ಹೇಳುವ ‘ಇಸ್ತ್ರಿ’ ಕೂಡ ಪೋರ್ಚುಗೀಸರಿಂದಲೇ ಬಂದದ್ದು ಅಂತಾರೆ.) 1820ರ ಕ್ರಾಂತಿಯ ನಂತರ ಮಠಗಳಿಗೆ ಕಷ್ಟಕಾಲ ಬಂತು, 1834ರಲ್ಲಿ ಎಲ್ಲಾ ಮುಚ್ಚಿಹೋದವು. ಪಾಕವಿಧಾನ ಪಕ್ಕದ ಸಕ್ಕರೆ ಕಾರ್ಖಾನೆಯವರ ಕೈ ಸೇರಿತು. ಇವತ್ತಿಗೂ ಅದು ಗುಟ್ಟು. ಪಶ್ತೈಸ್ ದ ಬೆಲೆಂ ಅನ್ನುವ ಹೆಸರು ಆ ಅಂಗಡಿಗೆ ಮಾತ್ರ, ಉಳಿದವರದ್ದೆಲ್ಲಾ ಬರೀ ನಾತಾ.

ನಾನು ಮೊದಲು ತಿಂದದ್ದು ಅಲ್ಲೇ. ನೀಲಿ ಬಿಳಿ ಟೈಲ್ಸ್ ಹಾಕಿದ ಗೋಡೆ, ಒಂದರೊಳಗೊಂದು ಹಾಲ್. ಬಿಸಿ ಬಿಸಿ ತಟ್ಟೆ ಬಂತು, ಜೊತೆಗೆ ದಾಲ್ಚಿನ್ನಿ ಪುಡಿ, ಸಕ್ಕರೆ ಪುಡಿ. ಕಚ್ಚಿದರೆ ಮೊದಲು ಸದ್ದು, ಆಮೇಲೆ ರುಚಿ. ಪದರ ತೆಳ್ಳಗೆ, ಸ್ವಲ್ಪ ಉಪ್ಪುಪ್ಪು, ನಮ್ಮ ಬೇಕರಿಯ ಎಗ್ ಪಫ್ ಸಾವಿರ ಪಟ್ಟು ಚುರುಕಾದ ಹಾಗೆ. ಕಸ್ಟರ್ಡ್ ಮಾತ್ರ ನಾನು ಅಂದುಕೊಂಡಷ್ಟು ಸಿಹಿ ಇರಲಿಲ್ಲ.

ಮರುದಿನ ಕಮೋಯಿಶ್ ಚೌಕದ ಹತ್ತಿರದ ಮಾಂತೈಗರಿಯಾಗೆ ಹೋದೆ. ಹಳೇ ಬೆಣ್ಣೆ ಅಂಗಡಿಯ ಜಾಗ, 2014ರಲ್ಲಿ ಶುರುವಾದದ್ದು. ನಮ್ಮ ದರ್ಶಿನಿ ಥರ, ಕೌಂಟರಿಗೆ ಒರಗಿ ನಿಂತೇ ತಿನ್ನಬೇಕು. ಗಾಜಿನ ಆಚೆ ಕೆಲಸ ಕಾಣುತ್ತೆ: ಬೆಣ್ಣೆ ಪದರದ ಹಿಟ್ಟನ್ನು ಚಾಪೆ ಥರ ಸುತ್ತಿ, ಬಿಲ್ಲೆ ಬಿಲ್ಲೆ ಕತ್ತರಿಸಿ, ಒದ್ದೆ ಹೆಬ್ಬೆರಳಲ್ಲಿ ಅಚ್ಚಿನೊಳಗೆ ಒತ್ತುತ್ತಾ ಮೇಲಕ್ಕೆ ಎಳೆಯುತ್ತಾರೆ, ಅದಕ್ಕೇ ತಳ ತಿರುವಿ ನೋಡಿದರೆ ಸುರುಳಿ ಗೆರೆ. ಓವನ್ನಿನ ಶಾಖ ವಿಪರೀತ, ಮೇಲೆ ಕಪ್ಪು ಕಲೆ ಬೀಳುವುದು ಅದರಿಂದ. ಸೀದಿದೆ ಅಂತ ವಾಪಸ್ ಕೊಡಬೇಡಿ, ರುಚಿ ಇರುವುದೇ ಆ ಕಲೆಯಲ್ಲಿ. ಹೊಸ ಟ್ರೇ ಬಂದಾಗ ಗಂಟೆ ಬಾರಿಸುತ್ತಾರೆ. ಗಂಟೆ ಆದ ಎರಡು ನಿಮಿಷಕ್ಕೆ, ಒಂದು ಬೀಕಾ (ನಮ್ಮ ಅರ್ಧ ಲೋಟದಷ್ಟು ಗಟ್ಟಿ ಕಾಫಿ) ಜೊತೆ ತಿಂದೆ. ಕಸ್ಟರ್ಡ್ ಇಲ್ಲಿ ಜಾಸ್ತಿ ಸಿಹಿ, ಜಾಸ್ತಿ ನೀರಾಗಿ ಗಲ್ಲಕ್ಕೆ ಇಳಿಯುತ್ತೆ. ಪದರಕ್ಕೆ ಬೆಲೆಂ, ಒಳಗಿನದಕ್ಕೆ ಇದು. ಒಂದೇ ಆರಿಸು ಅಂದ್ರೆ ಇದೇ, ಗುಟ್ಟೂ ಬೇಡ ಗಿಟ್ಟೂ ಬೇಡ.

ಅದೇ ಊರಲ್ಲಿ ಟ್ರಾಮ್ ನಿಲ್ದಾಣದ ಬಳಿ ಹೆಸರಿಲ್ಲದ ಒಂದು ಅಂಗಡಿಯಲ್ಲಿ ತಣ್ಣಗಾದದ್ದು ತಿಂದೆ. ಚರ್ಮ ಜಗಿದ ಹಾಗಿತ್ತು. ಬಿಸಿ ಇಲ್ಲದಿದ್ದರೆ ಮುಂದೆ ನಡೀರಿ.

ಮಕಾವ್‌ನದ್ದು ಬೇರೆ ಕಥೆ. ಪೋರ್ಚುಗೀಸರು 1999ರವರೆಗೆ ಆಳಿದ ಊರು, ಆದರೂ ಅಲ್ಲಿಯ ಟಾರ್ಟ್‌ಗೆ ಹೆಸರು ತಂದದ್ದು ಆಂಡ್ರ್ಯೂ ಸ್ಟೋ ಅನ್ನುವ ಇಂಗ್ಲಿಷ್ ಮನುಷ್ಯ. ಪೋರ್ಚುಗಲ್‌ನಲ್ಲಿ ತಿಂದ ನೆನಪಿನ ಮೇಲೆ, ತಮ್ಮೂರಿನ ಕಸ್ಟರ್ಡ್ ಬುದ್ಧಿ ಸೇರಿಸಿ, 1989ರಲ್ಲಿ ಕೊಲೊವಾನ್‌ನಲ್ಲಿ ಲಾರ್ಡ್ ಸ್ಟೋಸ್ ಬೇಕರಿ ತೆರೆದರು. ಅದು ಮೆತ್ತಗೆ, ಮೊಟ್ಟೆ ವಾಸನೆ ಮುಂದು, ಸಿಹಿ ಕಡಿಮೆ. ಆಮೇಲೆ ಅವರ ಮಾಜಿ ಹೆಂಡತಿ ಮಾರ್ಗರೆಟ್ ವಾಂಗ್ ಕೆಎಫ್‌ಸಿಗೆ ವಿಧಾನ ಮಾರಿದರು, ಚೀನಾದಲ್ಲಿ ಕೋಳಿ ಅಂಗಡಿಗೆ ಹೋಗಿ ಟಾರ್ಟ್ ಕೇಳುವ ಅಭ್ಯಾಸ ಹೀಗೆ ಬಂತು.

ಹಾಂಗ್‌ಕಾಂಗ್‌ನ ದಾನ್ ತಾತ್ (ಅಲ್ಲಿ ಎಗ್ ಟಾರ್ಟ್‌ಗೆ ಹೇಳುವ ಹೆಸರು) ಈ ಕುಟುಂಬದವನೇ ಅಲ್ಲ ಅನ್ನಿಸುತ್ತೆ. ಅದರ ಬೇರು ಬ್ರಿಟಿಷ್ ಕಸ್ಟರ್ಡ್ ಟಾರ್ಟ್, ಚೀನಾದ ಗ್ವಾಂಗ್‌ಝೌ ಊರಿನ ದಾರಿಯಲ್ಲಿ ಬಂದದ್ದು. ಕಲೆಯಿಲ್ಲ, ಕನ್ನಡಿ ಥರ ಹೊಳೆಯುವ ಹಳದಿ, ಅಲ್ಲಾಡಿಸಿದರೆ ನಡುಗುತ್ತೆ. ತಾಯ್ ಚಿಯಾಂಗ್ ಬೇಕರಿಯದ್ದು ಬಿಸ್ಕತ್ತಿನ ಥರದ ತಳ. ಕೊನೆಯ ಬ್ರಿಟಿಷ್ ಗವರ್ನರ್ ಕ್ರಿಸ್ ಪ್ಯಾಟನ್‌ಗೆ ಅದೇ ಪ್ರಾಣ. 2014ರಲ್ಲಿ ಊರಿನ ಪರಂಪರೆಯ ಪಟ್ಟಿಗೇ ಎಗ್ ಟಾರ್ಟ್ ಮಾಡುವ ಕಲೆ ಸೇರಿತು. ಒಂದು ಮಾತು: ಎಷ್ಟೋ ಕಡೆ ತಳಕ್ಕೆ ಹಂದಿ ಕೊಬ್ಬು ಹಾಕುತ್ತಾರೆ, ಬೇಡ ಅನ್ನುವವರು ಕೇಳಿಕೊಂಡು ತಿನ್ನಿ.

ನಾನಂತೂ ಮಾಂತೈಗರಿಯಾದಲ್ಲಿ ಎರಡರ ಮೇಲೆ ತಿನ್ನಲಾರೆ, ಸಿಹಿ ಮುಖಕ್ಕೆ ಹೊಡೆಯುತ್ತೆ. ದಾನ್ ತಾತ್ ಹಾಗಲ್ಲ. ಸಂಜೆ ನಾಲ್ಕಕ್ಕೆ ಹಾಲು ಹಾಕಿದ ಖಡಕ್ ಟೀ ಜೊತೆ ಕೂತರೆ ನಾಲ್ಕು ಹೋಗಿದ್ದೇ ಗೊತ್ತಾಗಲಿಲ್ಲ, ಐದನೆಯದಕ್ಕೆ ಹೆಂಡತಿ ತಟ್ಟೆ ಎಳೆದುಕೊಂಡಳು.