ಈಸಿ ಎಫೆಕ್ಟ್ಸ್: ಮೋಟಾರ್ ಸದ್ದು ಹೋಯ್ತು, ಶ್ರುತಿಪೆಟ್ಟಿಗೆಯೂ ಹೋಯ್ತು

ಲಿನಕ್ಸ್‌ನಲ್ಲಿ ಮೈಕ್‌ಗೆ ಬರುವ ಗಲಾಟೆ ಕಡಿಮೆ ಮಾಡೋಕೆ ಏನಿದೆ ಅಂತ ಕೇಳುವವರು ಸುಮ್ನೆ ಈಸಿ ಎಫೆಕ್ಟ್ಸ್ ಅನ್ನೋ ಆ್ಯಪ್ ಹಾಕಿಕೊಳ್ಳಿ. ಪೂರ್ತಿ ಉಚಿತ, ಲಿನಕ್ಸ್ ಆ್ಯಪ್‌ಗಳ ಅಂಗಡಿ ಫ್ಲಾಟ್‌ಹಬ್‌ನಲ್ಲಿ ಸಿಗುತ್ತದೆ. ಆದರೆ ಸಿಸ್ಟಂನಲ್ಲಿ ಪೈಪ್‌ವೈರ್ (ಲಿನಕ್ಸ್‌ನಲ್ಲಿ ಆಡಿಯೊ ನೋಡಿಕೊಳ್ಳುವ ಸಾಫ್ಟ್‌ವೇರ್) ಇರಲೇಬೇಕು. ಲಿನಕ್ಸ್‌ನ ಬಗೆಗಳಾದ ಫೆಡೋರಾದಲ್ಲಿ 2021ರಿಂದ, ಉಬುಂಟುವಿನಲ್ಲಿ 22.10 ಆವೃತ್ತಿಯಿಂದ ಅದು ಜೊತೆಗೇ ಬರುತ್ತಿದೆ.

ನಾನು ಸರಸ್ವತಿಪುರಂನ ಮನೆಯಿಂದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಕೋಣೆ ರಸ್ತೆ ಕಡೆಗೇ ಇದೆ. ಪಾಠದ ಹೊತ್ತಿಗೇ ಪಕ್ಕದ ಮನೆಯವರು ನೀರಿನ ಮೋಟಾರ್ ಹಾಕುತ್ತಾರೆ, ಒಳಗೆ ಮಿಕ್ಸಿ ಶುರುವಾಗುತ್ತದೆ, ತಲೆ ಮೇಲೆ ಫ್ಯಾನ್ ಬೇರೆ. ಇನ್‌ಪುಟ್ ಟ್ಯಾಬ್‌ನಲ್ಲಿ ನಾಯ್ಸ್ ರಿಡಕ್ಷನ್ ಸೇರಿಸಿ, ಮೀಟಿಂಗ್ ಆ್ಯಪ್‌ನಲ್ಲಿ ಮೈಕ್ ಜಾಗಕ್ಕೆ ಈಸಿ ಎಫೆಕ್ಟ್ಸ್ ಸೋರ್ಸ್ ಆರಿಸಿದೆ, ಅಷ್ಟೇ. ಫ್ಯಾನು, ಮೋಟಾರು ಎರಡೂ ಮಾಯ.

ಒಳಗೆ ಕೆಲಸ ಮಾಡುವುದು ಆರ್‌ಎನ್‌ನಾಯ್ಸ್ ಅನ್ನೋ ಗಲಾಟೆ ತೆಗೆಯುವ ಸಾಫ್ಟ್‌ವೇರ್. ಜಾನ್-ಮಾರ್ಕ್ ವಾಲಿನ್ 2017ರಲ್ಲಿ ಹೊರತಂದದ್ದು, ಆಡಿಯೊವನ್ನು ಚಿಕ್ಕದು ಮಾಡಿ ಕಳಿಸುವ ಓಪಸ್ ಕೋಡೆಕ್ ಹಿಂದೆ ಇರುವವರೂ ಇವರೇ. ಸದ್ದನ್ನು ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ 22 ಪಟ್ಟಿಗಳಾಗಿ (ಬ್ಯಾಂಡ್) ಒಡೆದು, 10 ಮಿಲಿಸೆಕೆಂಡಿಗೊಮ್ಮೆ ಯಾವ ಪಟ್ಟಿಯನ್ನು ಎಷ್ಟು ಬಿಡಬೇಕು ಅಂತ ಒಂದು ಪುಟ್ಟ ನ್ಯೂರಲ್ ನೆಟ್‌ವರ್ಕ್ ನಿರ್ಧರಿಸುತ್ತದೆ. ಅದಕ್ಕೇ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಆರಾಮಾಗಿ ಓಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ.

ಮಿಕ್ಸಿ ವಿಷಯ ಸ್ವಲ್ಪ ಬೇರೆ. ನಾನು ಸುಮ್ಮನಿದ್ದರೆ ಅದರ ಸದ್ದು ಹೋಗುತ್ತದೆ, ಅದರ ಜೊತೆಗೇ ಮಾತಾಡಿದರೆ ನನ್ನ ದನಿ ಬಿಂದಿಗೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ಇನ್ನು ಸೊಪ್ಪಿನ ಗಾಡಿಯ ಸ್ಪೀಕರ್‌ಗೆ ಇದರಲ್ಲಿ ಮದ್ದಿಲ್ಲ. ಅದೂ ಮನುಷ್ಯರ ದನಿಯೇ ಅಲ್ವಾ, ಜೋಪಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ! "ದಂಟು, ಮೆಂತ್ಯ, ಸಬ್ಬಸಿಗೆ" ಅಂತ ಮಕ್ಕಳೆಲ್ಲ ಕೇಳಿಸಿಕೊಂಡು ನಕ್ಕರು.

ವಾಯ್ಸ್ ಡಿಟೆಕ್ಷನ್ ಅಂತ ಒಂದು ಆಯ್ಕೆ ಇದೆ, ಮಾತು ಇಲ್ಲದಾಗ ಪೂರ್ತಿ ಮುಚ್ಚುವುದಕ್ಕೆ. ಅದರ ಥ್ರೆಶೋಲ್ಡ್ (ಇದು ಮಾತೇ ಅಂತ ಒಪ್ಪಿಕೊಳ್ಳುವ ಮಿತಿ) ಜಾಸ್ತಿ ಇಟ್ಟರೆ ಮಾತಿನ ಮೊದಲ ಅಕ್ಷರವೇ ಹಾರಿಹೋಗುತ್ತದೆ. 'ಸೊನ್ನೆ' ಅಂದರೆ 'ಒನ್ನೆ' ಅಂತ ಕೇಳುತ್ತದೆ, 'ಹತ್ತು' ಅಂದರೆ ಬರೀ 'ತ್ತು'. ಗಣಿತದ ಪಾಠಕ್ಕೆ ಇದು ಆಗುವ ಮಾತಲ್ಲ. ಕಡಿಮೆಯಲ್ಲೇ ಇಡಿ.

ಸಂಗೀತದವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ನಮ್ಮ ಅತ್ತಿಗೆ ವೀಣೆ ಪಾಠ ಮಾಡುತ್ತಾರೆ, ಅವರ ಲ್ಯಾಪ್‌ಟಾಪ್‌ಗೂ ಹಾಕಿಕೊಟ್ಟೆ. ಶ್ರುತಿಪೆಟ್ಟಿಗೆ ಪೂರ್ತಿ ಅಳಿಸಿಹೋಯಿತು. ಒಂದೇ ಸಮ ಬರುವ ಸದ್ದು ಇದರ ಪಾಲಿಗೆ ಫ್ಯಾನ್ ಇದ್ದ ಹಾಗೆ, ಪಾಪ ಅದಕ್ಕೇನು ಗೊತ್ತು. ತಂತಿ ಮೀಟಿದ ಮೇಲೆ ಉಳಿಯುವ ನಾದವೂ ಅರ್ಧಕ್ಕೇ ಕಟ್. "ಏನಪ್ಪಾ ಇದು, ವೀಣೆ ನುಡಿಸ್ತಿದ್ದೀನಾ, ಬಾಗಿಲು ತಟ್ತಿದ್ದೀನಾ?" ಅಂದರು. ಈಗ ಎರಡು ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಮಾಡಿಟ್ಟಿದ್ದೇನೆ, ಮಾತಿಗೆ ಒಂದು, ಯಾವ ಎಫೆಕ್ಟೂ ಇಲ್ಲದ್ದು ವೀಣೆಗೆ. ಮೀಟಿಂಗ್ ಆ್ಯಪ್‌ನ ಸ್ವಂತ ನಾಯ್ಸ್ ಸಪ್ರೆಶನ್ ಕೂಡ ಆಫ್ ಮಾಡಬೇಕು, ಇಲ್ಲದಿದ್ದರೆ ಅದು ಬೇರೆ ಕತ್ತರಿಸುತ್ತದೆ.

ಈಸಿ ಎಫೆಕ್ಟ್ಸ್‌ನಲ್ಲೇ ಗಲಾಟೆ ತೆಗೆಯೋಕೆ ಡೀಪ್‌ಫಿಲ್ಟರ್‌ನೆಟ್ ಅಂತ ಇನ್ನೊಂದು ಕೂಡ ಇದೆ. ಮಿಕ್ಸಿ ಜೊತೆ ಮಾತಾಡಿದಾಗ ದನಿ ಇನ್ನೂ ಚೆನ್ನಾಗಿ ಉಳಿಯುತ್ತದೆ, ಆದರೆ ಸಿಪಿಯು ಜಾಸ್ತಿ ತಿನ್ನುತ್ತದೆ, ನನ್ನ ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗೋಕೆ ಶುರು. ಒಳ್ಳೇ ಮೆಷಿನ್ ಇದ್ದವರು ಅದನ್ನೇ ಹಾಕಿ. ಯಾವುದೇ ಹಾಕಿದರೂ ಈಸಿ ಎಫೆಕ್ಟ್ಸ್ ಸಿಸ್ಟಂ ಜೊತೆಗೇ ಶುರುವಾಗುವ ಆಯ್ಕೆ ಆನ್ ಮಾಡಿ.