ಪಾಯಿಂಟ್ ಮೂವತ್ತೆರಡು ಎಂದರೆ ಎರಡು: ರಿವಾಲ್ವರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ

ರಿವಾಲ್ವರಿನೊಳಗೆ ಸಲೀಸಾಗಿ ಇಳಿಯುವ ಕಾಡತೂಸೆಲ್ಲ ಆ ರಿವಾಲ್ವರಿಗೆ ಮಾಡಿದ್ದೇ ಆಗಿರಬೇಕೆಂದಿಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಮಂಡ್ಯ, ಮೈಸೂರು ಕಡೆ ಹೊಸದಾಗಿ ಪರವಾನಗಿ ಪಡೆದು ಯಾವ ಬೋರ್ (ನಳಿಗೆಯ ಒಳ ಅಳತೆ) ಕೊಳ್ಳಲಿ ಎಂದು ವಿಚಾರಿಸುತ್ತಿರುವವರು ನನ್ನ ತಪ್ಪನ್ನೇ ಮತ್ತೆ ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಬೆಲ್ಲದ ವ್ಯಾಪಾರ. ಆಲೆಮನೆಗಳ ಲೆಕ್ಕ ಚುಕ್ತಾ ಮಾಡಲು ನಗದು ಇಟ್ಟುಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಓಡಾಡಬೇಕಾಗುತ್ತಿದ್ದುದರಿಂದ ಪರವಾನಗಿಗೆ ಅರ್ಜಿ ಹಾಕಿದ್ದೆ. ಅದು ಕೈಸೇರಿದ ದಿನದಿಂದ ಸಲಹೆ ಕೊಡುವವರಿಗೆ ಬರವಿರಲಿಲ್ಲ. ಹೆಚ್ಚಿನವರು 9 ಎಂಎಂ ಹೆಸರನ್ನೇ ಜಪಿಸುತ್ತಿದ್ದರು. ಅಮೆರಿಕದವರ ವಿಡಿಯೋ ನೋಡಿ ಆಡುವ ಮಾತು ಅದು. ನಮ್ಮಲ್ಲಿ 9 ಎಂಎಂ ಪ್ಯಾರಾಬೆಲಮ್ ನಿಷೇಧಿತ ಬೋರ್, ಸಾಮಾನ್ಯ ಪರವಾನಗಿಗೆ ಅದು ದಕ್ಕುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಿಷೇಧಿತ ಆಯುಧವನ್ನು ಅಕ್ರಮವಾಗಿ ಇಟ್ಟುಕೊಂಡವರಿಗೆ ಕನಿಷ್ಠ 7 ವರ್ಷ ಸೆರೆವಾಸ. ಆದ್ದರಿಂದ ನಮ್ಮಂಥವರ ಮುಂದೆ ನಿಜವಾಗಿ ಉಳಿಯುವ ಆಯ್ಕೆ ಹೆಚ್ಚುಕಡಿಮೆ ಎರಡೇ: .32 ರಿವಾಲ್ವರ್ ಅಥವಾ .32 ಪಿಸ್ತೂಲು. ಪಿಸ್ತೂಲು ಚಪ್ಪಟೆ, ಸೊಂಟದಲ್ಲಿ ಎದ್ದು ಕಾಣುವುದಿಲ್ಲ. ಆದರೆ ಹೊಡೆಯುವಾಗ ನಡುವೆ ಕಾಡತೂಸು ಸಿಕ್ಕಿಕೊಂಡರೆ ಬಿಡಿಸುವ ಅಭ್ಯಾಸ ಕೈಗೆ ಇರಬೇಕು. ರಿವಾಲ್ವರಿನ ಟ್ರಿಗರ್ ಬಿಗಿ, ಹಿಡಿದವರ ಕೈ ಅಲುಗುತ್ತದೆ. ಆದರೆ ಒಂದು ಕಾಡತೂಸು ಹೊತ್ತದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಎದುರಿಗೆ ಬರುತ್ತದೆ. ವರ್ಷಕ್ಕೆ ನಾಲ್ಕು ಸಲ ಅಭ್ಯಾಸ ಮಾಡಿದರೆ ಹೆಚ್ಚು ಎನ್ನುವ ನನ್ನಂಥವನಿಗೆ ರಿವಾಲ್ವರೇ ಸರಿ ಎಂದುಕೊಂಡೆ, ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಸರ್ಕಾರಿ ಕಾರ್ಖಾನೆಯ, ನಡು ಮಡಿಚಿ ತೆರೆಯುವ ಆರು ಗುಂಡಿನ ರಿವಾಲ್ವರ್ ಕೊಂಡೆ.

ನಾನು ಎಡವಿದ್ದು ಕಾಡತೂಸಿನಲ್ಲಿ. ಮೈಸೂರಿನ ಒಂದು ಅಂಗಡಿಗೆ ಹೋಗಿ ಪರವಾನಗಿ ಪುಸ್ತಕ ತೋರಿಸಿ ".32 ಬೇಕು" ಎಂದೆ. ಗಲ್ಲಾದಲ್ಲಿದ್ದ ಹುಡುಗ ಇಪ್ಪತ್ತೈದು ಎಣಿಸಿ ಕೊಟ್ಟ. ಅವು ನನಗೆ ಗಿಡ್ಡ ಎನಿಸಿ ಕೇಳಿದ್ದಕ್ಕೆ, "ಗೌಡ್ರೇ, ಪಾಯಿಂಟ್ ಮೂವತ್ತೆರಡು ಅಂದ್ರೆ ಮೂವತ್ತೆರಡೇ, ಹಾಕ್ಕಂಡು ನೋಡಿ, ಕೂರ್ತದೆ" ಎಂದ. ಕೂತಿತು ಕೂಡ. ಅಲ್ಲಿಗೆ ನನ್ನ ಅನುಮಾನ ಮುಗಿಯಿತು.

ಶೂಟಿಂಗ್ ರೇಂಜಿನಲ್ಲಿ ಹತ್ತು ಮೀಟರಿನಿಂದ ಹೊಡೆದ ಮೊದಲ ಗುಂಡು ಕಾಗದವನ್ನೇ ಮುಟ್ಟಲಿಲ್ಲ. ಅದಕ್ಕೆ ನನ್ನ ಕೈಯೇ ಕಾರಣ ಎಂದುಕೊಂಡೆ. ಎರಡನೆಯದಕ್ಕೆ ಸದ್ದು ತೀಕ್ಷ್ಣವಾಗಿ ಕೇಳಿಸಿತು, ಅಂಗೈಗೆ ಸುತ್ತಿಗೆಯಲ್ಲಿ ತಟ್ಟಿದ ಹಾಗಾಯಿತು. ಮಡಿಚಿ ತೆರೆದರೆ ಒಂದು ಖಾಲಿ ಚಿಪ್ಪು ಹೊರಬಿತ್ತು, ಇನ್ನೊಂದು ಕಾಡತೂಸು ತುಂಬುವ ಸಿಲಿಂಡರಿನಲ್ಲೇ ಕಚ್ಚಿಕೊಂಡಿತ್ತು. ಪಕ್ಕದಲ್ಲಿದ್ದ ತರಬೇತುದಾರರು ರಿವಾಲ್ವರನ್ನು ಕೈಗೆ ತೆಗೆದುಕೊಂಡವರು, ಮೊದಲು ನನ್ನ ಮುಖ ನೋಡಿದರು, ಆಮೇಲೆ ನನ್ನ ಪೊಟ್ಟಣದಿಂದ ಒಂದು ಕಾಡತೂಸನ್ನೂ ತಮ್ಮ ಬಳಿಯಿದ್ದ ಒಂದನ್ನೂ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದರು. ಅಣ್ಣನ ಪಕ್ಕ ತಮ್ಮ ನಿಂತ ಹಾಗೆ ಕಂಡಿತು.

ಎತ್ತರದ್ದು .32 ಸ್ಮಿತ್ ಆಂಡ್ ವೆಸನ್ ಲಾಂಗ್, ರಿವಾಲ್ವರಿನದು. ಅದರ ಹಿತ್ತಾಳೆ ಕೊಳವೆಯ ಉದ್ದ 23 ಮಿಲಿಮೀಟರ್. ಗಿಡ್ಡದ್ದು .32 ಎಸಿಪಿ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ಟಲ್), ಪಿಸ್ತೂಲಿನದು, 17 ಮಿಲಿಮೀಟರ್. ಗುಂಡಿನ ಸುತ್ತಳತೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಎರಡಕ್ಕೂ ಒಂದೇ ಅಂಕಿ ಅಂಟಿಕೊಂಡಿದೆ. ಗಿಡ್ಡದ್ದರ ಬುಡದಲ್ಲಿ ಸಣ್ಣದೊಂದು ಅಂಚು ಇರುವುದರಿಂದ ಅದು ಸಿಲಿಂಡರಿನಲ್ಲಿ ಜಾರಿಹೋಗದೆ ನಿಲ್ಲುತ್ತದೆ. ಮೋಸ ಇರುವುದೇ ಅಲ್ಲಿ. ಚಿಕ್ಕದು, ಹಾಗಾಗಿ ಮೆತ್ತಗಿರುತ್ತದೆ ಎಂದು ಯಾರಿಗಾದರೂ ಅನ್ನಿಸೀತು, ಆದರೆ ಸಂಗತಿ ತಿರುವುಮುರುವು: ಲಾಂಗ್ ಕಾಡತೂಸಿಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್ ಆದರೆ, ಎಸಿಪಿಗೆ 20,500. ಹಳೆಯ, ಸವೆದ ರಿವಾಲ್ವರ್ ಆಗಿದ್ದರೆ ಚಿಪ್ಪು ಕಚ್ಚಿಕೊಳ್ಳುವುದರಲ್ಲಿ ಮುಗಿಯುತ್ತಿರಲಿಲ್ಲ ಎಂದರು ತರಬೇತುದಾರರು. ಇನ್ನು ಮೊದಲ ಗುಂಡು ಗುರಿ ತಪ್ಪಿದ್ದರ ಪಾಪವನ್ನು ಪೂರ್ತಿ ನನ್ನ ಕೈ ಮೇಲೆ ಹೊರಿಸಬೇಕಿಲ್ಲ. ಕಾಡತೂಸಿನ ಕೊಳವೆ ಗಿಡ್ಡವಾದುದರಿಂದ ಗುಂಡು ನಳಿಗೆಯನ್ನು ಸೇರುವ ಮುನ್ನ ಖಾಲಿ ಜಾಗದಲ್ಲಿ ನೆಗೆಯಬೇಕಾಗುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಬರಿಯ ಅಂಕಿ ಹೇಳಬೇಡಿ. ಪೂರ್ತಿ ಹೆಸರು ಹೇಳಿ, ಬಿಲ್ಲಿನಲ್ಲೂ ಅದನ್ನೇ ಬರೆಸಿ, ಕಾಡತೂಸಿನ ಬುಡದ ಅಚ್ಚನ್ನು ಅಂಗಡಿಯಲ್ಲೇ ಓದಿ. ಪಿಸ್ತೂಲು ಇರುವ ಗೆಳೆಯ ಅಭ್ಯಾಸಕ್ಕೆಂದು ನಾಲ್ಕು ಕೊಟ್ಟರೂ ಮುಟ್ಟಬೇಡಿ, ಅದು ಒತ್ತಡದ ಪ್ರಶ್ನೆ ಮಾತ್ರವಲ್ಲ, ಕಾನೂನಿನದೂ ಹೌದು.

ಅಂಗಡಿಯವರು ಉಳಿದ ಇಪ್ಪತ್ತಮೂರನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಲಿಲ್ಲ. ನನ್ನ ಪರವಾನಗಿಯಲ್ಲಿ ನಮೂದಾಗಿದ್ದದ್ದು ರಿವಾಲ್ವರ್, ಮನೆಯಲ್ಲಿದ್ದದ್ದು ಪಿಸ್ತೂಲಿನ ಕಾಡತೂಸು. ಅದನ್ನು ಇಟ್ಟುಕೊಂಡು ನಿದ್ದೆ ಬರುವಂತಿರಲಿಲ್ಲ. ಠಾಣೆಗೆ ಒಯ್ದು ಹೇಳಿಕೆ ಬರೆದುಕೊಟ್ಟು ಜಮಾ ಮಾಡಿದೆ. ಅಲ್ಲಿನ ರೈಟರ್ ನನ್ನ ಪರವಾನಗಿಯನ್ನೂ ಅಂಗಡಿಯ ಬಿಲ್ಲನ್ನೂ ಎರಡೆರಡು ಸಲ ನೋಡಿ, "ಇದರಲ್ಲೂ .32, ಅದರಲ್ಲೂ .32, ಮತ್ಯಾಕೆ ಸ್ವಾಮಿ ತಂದ್ರಿ?" ಎಂದು ಕೇಳಿದರು.